ಹಿಂದಿನ ಗೇಟು ತೆಗಿಸು

ಪಾರ್ಕಿನ ಶೆಡ್ಡಿನಿಂದ
ಫೆಬ್ರವರಿ ೯, ಸೋಮವಾರ

ಚಿರಂಜೀವಿ ಮೊಳೆಗೆ ಅಮ್ಮನ ಆಶೀರ್ವಾದ.

ನಾನೂ ನಿಮ್ಮಪ್ಪನೂ ಚೆನ್ನಾಗಿದ್ದೇವೆ. ಅಂದರೆ ಉಸಿರಾಡುತ್ತಿದ್ದೇವೆ. ಕಾಗದ ತಡವಾಯಿತು. ನೀನು ಹೋದ ಮಾರನೆಯ ದಿನವೇ ಬರೆಯಲು ಕೂತಿದ್ದೆ. ಮೊದಲ ಸಾಲಿಗೇ ಬೈಗುಳ ಬಂತು, ಹರಿದು ಹಾಕಿದೆ. ಇನ್ನೊಂದು ಬರೆದೆ, ಅದರಲ್ಲೂ ಬೈಗುಳವೇ. ಐದನೇ ಕ್ಲಾಸಿಗೆ ಸ್ಲೇಟು ಬಿಟ್ಟು ಗಾರೆ ಬಾಂಡಲಿ ಹೊತ್ತವಳು ನಾನು. ಪಾರ್ಕು ಕಟ್ಟು ಎಂದರೆ ಕಟ್ಟುತ್ತೇನೆ, ಕಾಗದ ಬರೆ ಎಂದರೆ ಪೆನ್ನು ಓಡುವುದಿಲ್ಲ. ಒತ್ತಕ್ಷರ ಬಿಟ್ಟುಹೋಗಿದ್ದರೆ ನಿಮ್ಮಕ್ಕನ ಹತ್ತಿರ ಓದಿಸಿಕೊ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ನಿಮ್ಮಕ್ಕ ಎತ್ತಿ, "ಅವನು ಈಗ್ತಾನೆ ಆಚೆ ಹೋದ ಅಮ್ಮಾ" ಎನ್ನುತ್ತಾಳೆ. ಅವಳ ಹಿಂದೆ ನೀನು ಕೆಮ್ಮುವುದು ನನಗೆ ಕೇಳಿಸುತ್ತದೆ. ಆ ಕೆಮ್ಮಿಗೆ ಮೊದಲು ಔಷಧಿ ತಗೋ.

ಆ ದಿನದ ವಿಷಯಕ್ಕೆ ಬರುತ್ತೇನೆ. ನಾನು ಇಲಾಖೆಯ ಕಚೇರಿಯಲ್ಲಿ ಇಂಜಿನಿಯರಮ್ಮನ ಕೋಣೆಯ ಹೊರಗೆ ಕಾಯುತ್ತಾ ಕೂತಿದ್ದೆ. ಅಲ್ಲಿಂದ ನಿನಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಮುರಿದ ಬೆಂಚು ತೆಗಿಸು, ತುಕ್ಕು ಹಿಡಿದ ಜಾರುಬಂಡೆ ತೆಗಿಸು, ಹಿಂದಿನ ಗೇಟು ತೆಗಿಸು, ಮಣ್ಣಿನ ಲಾರಿ ಬರುತ್ತೆ." ವಾಪಸು ಬಂದು ನೋಡುತ್ತೇನೆ, ಬೆಂಚಿಲ್ಲ, ಜಾರುಬಂಡೆಯಿಲ್ಲ, ಗೇಟೂ ಇಲ್ಲ! ಎರಡು ಕಲ್ಲುಕಂಬ, ಒಂದರ ಮೇಲೆ ಗ್ಯಾಸ್ ಕಟರ್ ಕಚ್ಚಿದ ಕೀಲಿನ ಮೋಟು, ಅದರಾಚೆ ಭರ್ರೆಂದು ಹೋಗುವ ಬಸ್ಸು. ಗೇಟು ತೆಗಿ ಎಂದರೆ ಬೀಗ ಬಿಚ್ಚು, ತಳ್ಳು, ಲಾರಿ ಒಳಗೆ ಬಿಡು ಎಂದು. ಕತ್ತರಿಸಿ ಗುಜರಿಗೆ ಸಾಗಿಸು ಎಂದು ಯಾರಾದರೂ ತಿಳಿಯುತ್ತಾರಾ? ಹಾಲು ಕುಡಿಯುವ ಮಗುವಿಗೂ ಗೊತ್ತಾಗುವ ಮಾತು.

ಇಡೀ ಪಾರ್ಕಿನಲ್ಲಿ ಮುಟ್ಟಬಾರದು ಎಂದು ಇಂಜಿನಿಯರಮ್ಮ ಹೇಳಿದ್ದು ಅದೊಂದನ್ನೇ. ಬಿಟ್ಟರೆ ತಾನಾಗಿ ಬಂದು ಮುಚ್ಚಿಕೊಳ್ಳುವ ಗೇಟು ಅದು. ಯಾವ ಮರೆವಿನ ಮುದುಕ ಹಾಯ್ದು ಹೋದರೂ, ಯಾವ ತುಂಟ ಹುಡುಗ ಒದ್ದು ಹೋದರೂ ಹಿಂದೆ ಠಣ್ ಎಂದು ಕೂರುತ್ತಿತ್ತು. ಅದಕ್ಕೇ ಆ ಬಸ್ಸಿನ ರಸ್ತೆಗೆ ಅಂಟಿಕೊಂಡೂ ಇಷ್ಟು ವರ್ಷ ಅಲ್ಲಿ ಒಂದು ಮಗುವಿಗೂ ಏನೂ ಆಗಲಿಲ್ಲ. ಈಗ ಆಕೆ ಹೇಳಿದ್ದು ಕೇಳು: "ನೋಡಿ ಮೇಸ್ತ್ರಮ್ಮ, ತಿಂಗಳ ಕೊನೆಗೆ ನಾನು ಬರ್ತೀನಿ. ಅದೇ ಗೇಟು ಅದೇ ಜಾಗದಲ್ಲಿರಬೇಕು. ಇಲ್ಲ ಅಂದ್ರೆ ಈ ಪಾರ್ಕನ್ನ ನಾವು ಒಪ್ಪಿಕೊಳ್ಳಲ್ಲ, ಮುಂದಿನ ಎರಡು ಪಾರ್ಕಿನ ಕೆಲಸಾನೂ ನಿಮ್ಮ ಪಾಲಿಗಿಲ್ಲ." ನಮ್ಮ ಕೈಕೆಳಗಿರುವವರೆಲ್ಲ ಆಮೇಲೆ ಎಲ್ಲಿಗೆ ಹೋಗಬೇಕು?

ನಾನು ಸಿಟ್ಟಿಗೆದ್ದೆ, ಒಂದು ಮಾತು ಜಾಸ್ತಿ ಬಂತು. ಸೈಟಿನಲ್ಲಿ ಬರುತ್ತೆ. ಬೆಳಿಗ್ಗೆಯಿಂದ ನಮ್ಮ ಇಡೀ ಬಡಾವಣೆಗೆ ಕರೆಂಟಿಲ್ಲದೆ ಕಾಂಕ್ರೀಟು ಮಿಕ್ಸರು ನಿಂತು ನನ್ನ ತಲೆ ಮೊದಲೇ ಕೆಟ್ಟಿತ್ತು. ನಿನ್ನ ಅಮ್ಮನ ಬಾಯಿ ನಿನಗೆ ಹೊಸದಾ? ಅದಕ್ಕೆ ಊರು ಬಿಟ್ಟು ಅಕ್ಕನ ಮನೆ ಸೇರುವುದಾ?

ಅವತ್ತು ಮಧ್ಯಾಹ್ನ ನೀನು ಮನೆಯ ಹತ್ತಿರ ಬಂದಿದ್ದೆಯಂತೆ, ಬಾಗಿಲು ತಟ್ಟಿದೆಯಂತೆ. ಎದುರುಮನೆ ಟೈಲರ್ ಹೇಳಿದ. ನನಗೆ ಕೇಳಿಸಲಿಲ್ಲ, ಟಿ.ವಿ. ಜೋರಾಗಿ ಹಾಕಿಕೊಂಡು ಕೂತಿದ್ದೆ. ನಿಮ್ಮಪ್ಪ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು.

ಈಗ ಕೆಲಸದ ಮಾತು. ಗೇಟನ್ನು ಯಾವ ಗುಜರಿಯವನಿಗೆ ಕೊಟ್ಟೆ? ನಮ್ಮ ಆಳುಗಳನ್ನು ಕೇಳಿದರೆ "ಮೊಳೆ ಅಣ್ಣನೇ ಗಾಡಿ ಹತ್ತಿಸಿದ್ದು, ನಮಗೊತ್ತಿಲ್ಲ" ಎಂದು ಮುಖ ತಿರುಗಿಸುತ್ತಾರೆ. ಅದನ್ನು ಕರಗಿಸುವವರ ಕೈಗೆ ಹೋಗುವ ಮೊದಲು ಹಿಡಿಯಬೇಕು. ಅಷ್ಟು ಬರಿ. ಬೇರೇನೂ ಬರೆಯಬೇಡ.

ಅಕ್ಕನಿಗೆ, ಭಾವನಿಗೆ ಕೇಳಿದೆನೆಂದು ಹೇಳು. ಎಲ್ಲರೂ ಚೆನ್ನಾಗಿರಿ.

ನಿನ್ನ ಅಮ್ಮ

ಮರೆತಿದ್ದು: ಮಟ್ಟ ನೋಡುವ ನಿನ್ನ ರಸಮಟ್ಟ ಶೆಡ್ಡಿನಲ್ಲೇ ಇದೆ. ಯಾರಿಗೂ ಮುಟ್ಟಲು ಬಿಟ್ಟಿಲ್ಲ.

*

ಮನೆಯಿಂದ
ಫೆಬ್ರವರಿ ೨೦, ಶುಕ್ರವಾರ

ಮೊಳೆಗೆ ಆಶೀರ್ವಾದ.

ನಿನ್ನ ಕಾರ್ಡು ಬಂತು. "ರೈಲ್ವೆ ಸೇತುವೆಯ ಕೆಳಗಿನ ಗುಜರಿ" ಎಂದಿತ್ತು. ತಿರುಗಿಸಿ ನೋಡಿದೆ. ನಿಮ್ಮಪ್ಪ ಕನ್ನಡಕ ಹಾಕಿಕೊಂಡು ಮತ್ತೆ ತಿರುಗಿಸಿ ನೋಡಿದರು. ಬೇರೇನೂ ಬರೆಯಬೇಡ ಎಂದಿದ್ದೆ, ನಿಜ. ಅಮ್ಮನ ಮಾತನ್ನು ಇಷ್ಟು ಚಾಚೂ ತಪ್ಪದೆ ಕೇಳುವ ಮಗ ಊರಲ್ಲಿ ಇನ್ನೊಬ್ಬನಿಲ್ಲ ಬಿಡು.

ಉತ್ತರ ಬರೆಯಲು ತಡವಾಗಿದ್ದಕ್ಕೆ ಕಾರಣ ಇದೆ. ನಾನು ಈಗ ಗೇಟಿನ ಕೆಲಸ ಮಾಡುತ್ತಿದ್ದೇನೆ. ಗೇಟು ಕೂರಿಸುವ ಕೆಲಸವಲ್ಲ ಮಾರಾಯ, ನಾನೇ ಗೇಟು.

ಕಂಬಗಳ ನಡುವೆ ತಗಡು ಕಟ್ಟಿಸಿದ್ದೆ. ಮಣ್ಣಿನ ಲಾರಿ ಬಂದಾಗಲೆಲ್ಲ ಅದನ್ನು ಸರಿಸಬೇಕು. ಪಾರ್ಕಿನ ಈಚೆ ಅರ್ಧವನ್ನು ಜನರಿಗೆ ಮುಚ್ಚಬಾರದು ಎಂದು ವಾಕಿಂಗಿನವರು ಮೊದಲೇ ಇಲಾಖೆಯಲ್ಲಿ ಗಲಾಟೆ ಮಾಡಿ ಒಪ್ಪಿಸಿಕೊಂಡಿದ್ದಾರಲ್ಲ, ಹಾಗಾಗಿ ಮಕ್ಕಳು ಬರುತ್ತಲೇ ಇದ್ದಾರೆ. ಕಳೆದ ಬುಧವಾರ ಸಂಜೆ ಲಾರಿ ಆಚೆ ಹೋಯಿತು, ತಗಡು ಇನ್ನೂ ಮುಚ್ಚಿರಲಿಲ್ಲ. ಆ ಕೆಂಪು ಸ್ವೆಟರಿನ ಹುಡುಗಿ ಗೊತ್ತಲ್ಲ, ನಿನ್ನ ಹತ್ತಿರ ಟೇಪು ಕಿತ್ತುಕೊಂಡು ನಾಯಿಯ ಬಾಲ ಅಳೆಯುತ್ತಿತ್ತಲ್ಲ, ಅದು ಹುಲ್ಲಿನ ಆ ತುದಿಯಿಂದ ಓಡಿ ಬಂತು. ಮಕ್ಕಳೆಲ್ಲ ಮೊದಲಿಂದಲೂ ಹಾಗೇ ಓಡಿ ಬಂದು ಗೇಟಿಗೆ ಎರಡೂ ಅಂಗೈ ಬಡಿದು ನಿಲ್ಲುವುದಲ್ಲವಾ? ಅದೂ ಹಾಗೇ ಎರಡೂ ಕೈ ಮುಂದೆ ಚಾಚಿಕೊಂಡು ಬಂತು. ಬಡಿಯಲು ಗೇಟಿರಲಿಲ್ಲ. ಕೈ ಹಾಗೇ ಗಾಳಿಯಲ್ಲಿ ಚಾಚಿಕೊಂಡೇ ರಸ್ತೆಗೆ ಹೋಯಿತು.

ನಾನು ಹೇಗೆ ಎದ್ದೆನೋ, ಈ ಮಂಡಿಯಲ್ಲಿ ಹೇಗೆ ಓಡಿದೆನೋ ಗೊತ್ತಿಲ್ಲ. ಸ್ವೆಟರಿನ ಕತ್ತು ಕೈಗೆ ಸಿಕ್ಕಿತು. ಬಸ್ಸಿನ ಗಾಳಿ ನನ್ನ ಮುಖಕ್ಕೆ ಹೊಡೆಯಿತು. ಮಗು ಅಳಲಿಲ್ಲ. ನನ್ನನ್ನು ನೋಡಿ, "ಗೇಟೆಲ್ಲಿ?" ಎಂದಿತು. ಅದರ ತಾಯಿ ಬಂದು ನನಗೆ ಬೈದಳು. ಬಾಯಿ ತುಂಬ ಬೈದಳು. ನಾನು ತುಟಿ ಬಿಚ್ಚಲಿಲ್ಲ. ನಿಂತಿದ್ದ ಆಳುಗಳಿಗೆಲ್ಲ ಆಶ್ಚರ್ಯ, ಮೇಸ್ತ್ರಮ್ಮನಿಗೆ ಏನಾಯಿತು ಎಂದು.

ಅವತ್ತಿನಿಂದ ಕುರ್ಚಿ ಹಾಕಿಕೊಂಡು ಕಂಬಗಳ ನಡುವೆ ನಾನೇ ಕೂತಿದ್ದೇನೆ. ಟೈಲ್ಸಿನವನು, ತೋಟದವನು, ಎಲ್ಲರೂ ಅಲ್ಲಿಗೇ ಬಂದು ಕೆಲಸ ಕೇಳಿಕೊಂಡು ಹೋಗುತ್ತಾರೆ. ವಾಕಿಂಗಿನವರಲ್ಲಿ ಆ ಶಿಳ್ಳೆ ತಾತ ಇದ್ದಾರಲ್ಲ, ದಿನಾ ಹಾಯುವಾಗ ನನ್ನ ಭುಜ ಮೆಲ್ಲಗೆ ತಳ್ಳಿ, "ಈ ಗೇಟು ಕಿರ್ ಅನ್ನಲ್ಲ, ಗುರ್ ಅನ್ನುತ್ತೆ" ಎನ್ನುತ್ತಾರೆ. ವಯಸ್ಸಾದವರು ಎಂದು ಸುಮ್ಮನಿದ್ದೇನೆ.

ಈಗ ಗುಜರಿಯ ಕಥೆ. ನಿನ್ನ ಕಾರ್ಡು ಸಿಕ್ಕ ತಕ್ಷಣ ವೆಲ್ಡರನ್ನು ಕರೆದುಕೊಂಡು ಹೋದೆ. ಸೇತುವೆಯ ಕೆಳಗೆ ಉದ್ದಕ್ಕೆ ಗೋಡೆ, ನಡುವೆ ಒಂದು ಬಾಗಿಲು, ಒಳಗೆ ಕಬ್ಬಿಣ ಕತ್ತರಿಸುವ ಸದ್ದು. ಆ ಸದ್ದು ಕೇಳಿ ಅಂದುಕೊಂಡೆ, ಮುಗಿಯಿತು, ಕತ್ತರಿಸುತ್ತಿರುವುದು ಅದನ್ನೇ ಎಂದು. ಎರಡೂ ಕೈಯಲ್ಲಿ ಬಾಗಿಲು ಬಡಿದೆ. "ಗೇಟು ತೆಗಿ! ಏಯ್, ಗೇಟು ತೆಗಿಯೋ!"

ಒಳಗಿಂದ, "ಯಾರು?"

"ನಿಮ್ಮಜ್ಜಿ! ತೆಗಿ ಮೊದಲು!"

ವೆಲ್ಡರ್ ನನ್ನ ಸೆರಗು ಎಳೆಯುತ್ತಿದ್ದ. "ಮೇಸ್ತ್ರಮ್ಮಾ, ಮೇಸ್ತ್ರಮ್ಮಾ, ನೀವು ಬಡೀತಿರೋದೇ ಅದು" ಎಂದ.

ನೋಡಿದೆ. ಅದೇ ಅಗುಳಿ, ಅದೇ ಮಧ್ಯದ ಸುರುಳಿ, ಮಕ್ಕಳ ಕೈ ಬಡಿದು ಬಡಿದು ನುಣುಪಾದ ಅದೇ ಎರಡು ಸರಳು. ಆ ಮಹಾರಾಯ ಅದನ್ನು ತನ್ನ ಅಂಗಳಕ್ಕೇ ಹಾಕಿಕೊಂಡಿದ್ದ! ನನಗೆ ನಗು ಬಂತೋ ಅಳು ಬಂತೋ ಗೊತ್ತಿಲ್ಲ. ಗುಜರಿಯವನು ಅಗುಳಿ ಜರುಗಿಸಿ ಹೊರಗೆ ಬಂದ, ಡೊಳ್ಳುಹೊಟ್ಟೆಯವನು, ಬನಿಯನ್ನು ಹಾಕಿಕೊಂಡಿದ್ದ.

"ತೆಗೆದೆ ಕಣಮ್ಮಾ. ಏನೀಗ?"

"ಇನ್ನೊಂದ್ಸಲ ತೆಗಿ" ಎಂದೆ.

"ತೆಗೆದೇ ಇದೆಯಲ್ಲ!"

"ಆ ತೆಗೆಯೋದಲ್ಲಪ್ಪ. ಕೀಳು."

ವೆಲ್ಡರ್ ಗೋಡೆಗೊರಗಿ ನಗುತ್ತಾ ಕೂತುಬಿಟ್ಟ. ಗುಜರಿಯವನು ನಮ್ಮಿಬ್ಬರನ್ನೂ ಹುಚ್ಚರನ್ನು ನೋಡಿದ ಹಾಗೆ ನೋಡಿದ. ಸುಲಭಕ್ಕೆ ಒಪ್ಪಲಿಲ್ಲ. "ಈ ಗೇಟು ಬಂದ ಮೇಲೆ ನನ್ನ ಅಂಗಳಕ್ಕೆ ಬೀದಿನಾಯಿ ಬಂದಿಲ್ಲ, ನಾನ್ಯಾಕೆ ಕೊಡಲಿ" ಎಂದ. ಕೊನೆಗೆ ನಮ್ಮ ತಗಡನ್ನೇ ಬಾಗಿಲು ಮಾಡಿ, ಚೌಕಟ್ಟು ಸಮೇತ ಅವನಿಗೆ ಕೂರಿಸಿಕೊಡುವುದೆಂದು ಮಾತಾಯಿತು. ನಾಳೆ ಗೇಟು ಲಾರಿಯಲ್ಲಿ ಬರುತ್ತದೆ.

ಮನೆಗೆ ಬಂದು ಇದನ್ನೆಲ್ಲ ನಿಮ್ಮಪ್ಪನಿಗೆ ಹೇಳಿದೆ. ತಲೆಯಾಡಿಸುತ್ತಾ ಕೇಳಿಸಿಕೊಂಡರು. ಸ್ವಲ್ಪ ಹೊತ್ತಿಗೆ ಸೆಖೆಯಾಯಿತು, "ರೀ, ಆ ಕಿಟಕಿ ತೆಗೀರಿ" ಎಂದೆ. ಎದ್ದು ಹೋದರು. ಬಂದಾಗ ಕೈಯಲ್ಲಿ ಸ್ಕ್ರೂಡ್ರೈವರು, ಸುತ್ತಿಗೆ.

"ಇದೇನ್ರೀ?"

"ಕಿಟಕಿ ತೆಗೀಬೇಕಲ್ಲ. ಚೌಕಟ್ಟು ಸಮೇತಾನೋ, ಬರೀ ಬಾಗಿಲೋ?"

ಕೈಗೆ ಸಿಕ್ಕಿದ ಚಮಚ ಎಸೆದೆ. ಅದನ್ನು ಎತ್ತಿಕೊಂಡು ನನ್ನ ಎದುರಿಗೇ ಕೂತು ಹೇಳಿದರು: "ಒಂದೇ ಉಸಿರಲ್ಲಿ ಮೂರು ಸಲ ತೆಗಿಸು ಅಂದಿದ್ದೀಯ. ಬೆಂಚು ತೆಗಿಸು ಅಂದ್ರೆ ಕೀಳ್ಸು. ಜಾರುಬಂಡೆ ತೆಗಿಸು ಅಂದ್ರೆ ಕೀಳ್ಸು. ಮೂರನೇದು ಮಾತ್ರ ಬೇರೆ ಅಂತ ಅವನೇನು ಕನಸು ಕಾಣ್ಬೇಕಿತ್ತಾ? ಅದ್ರ ಮೇಲೆ ಲಾರಿ ಬರುತ್ತೆ ಅಂತ ಬೇರೆ ಸೇರಿಸಿದ್ದೀಯ." ನಾನು ಚಮಚ ಕಸಿದುಕೊಂಡೆ. ಇಂಜಿನಿಯರಮ್ಮನೂ ಹಿಂದೆ ಅದನ್ನೇ ಹೇಳಿದ್ದಳು, "ನೀವು 'ತೆರೆಯಿಸು' ಅನ್ನಬೇಕಿತ್ತು" ಎಂದು. ಯಾರ ಮನೆಯಲ್ಲಿ ಹಾಗೆ ಮಾತಾಡುತ್ತಾರೆ? ಬಾಗಿಲು ತೆರೆಯಿರಿ ಎಂದು ಯಾರಾದರೂ ಕೂಗಿದರೆ ನಾಟಕದವರು ಬಂದರು ಎಂದುಕೊಳ್ಳಬೇಕಷ್ಟೆ.

ನೀನು ಕಾಗದವನ್ನು ಓದಿ ಮಡಚಿ ಜೇಬಿಗೆ ಹಾಕಿಕೊಂಡೆ ಎಂದು ಅಕ್ಕ ಹೇಳಿದಳು. ಜೇಬಿನಲ್ಲಿಟ್ಟುಕೊಂಡರೆ ಒಗೆಯುವಾಗ ನೆನೆಯುತ್ತದೆ. ನೋಡಿಕೊ.

ಅಮ್ಮ

ಮರೆತಿದ್ದು: ಕುರ್ಚಿಯಲ್ಲಿ ಕೂತಾಗ ಬಸ್ ಸ್ಟಾಪು ನೇರ ಕಾಣುತ್ತದೆ. ಪ್ರತಿ ಬಸ್ಸಿನಿಂದ ಯಾರಿಳಿಯುತ್ತಾರೆ ಎಂದು ನನಗೀಗ ಚೆನ್ನಾಗಿ ಗೊತ್ತು.

*

ಮನೆಯಿಂದ
ಮಾರ್ಚ್ ೨, ಸೋಮವಾರ

ಮೊಳೆ,

ಆಶೀರ್ವಾದ, ಆರೋಗ್ಯ, ಎಲ್ಲ ಇರಲಿ. ಪಾರ್ಕು ಒಪ್ಪಿಸುವವರೆಗೆ ಬರೆಯಬಾರದೆಂದು ತಡೆದುಕೊಂಡಿದ್ದೆ. ಇನ್ನೇನು ಕೆಲಸ ಕೆಟ್ಟೇಹೋಗುತ್ತದೆ ಎನ್ನುವಾಗ ಬರೆದರೆ, ಕೆಲಸಕ್ಕಾಗಿ ಕರೆದಳು ಎಂದು ನೀನು ತಿಳಿಯುತ್ತಿದ್ದೆ. ಅದು ನನಗೆ ಬೇಡವಾಗಿತ್ತು.

ಗೇಟು ಬಂತು. ವೆಲ್ಡರ್ ಹೊಸ ಕೀಲು ಮಾಡಿ, ರಸಮಟ್ಟ ಹಿಡಿದು (ಅವನ ರಸಮಟ್ಟ, ನಿನ್ನದಲ್ಲ) ಕೂದಲೆಳೆ ಆಚೀಚೆ ಆಗದ ಹಾಗೆ ನೇರ ಕೂರಿಸಿದ. ನೋಡಲು ಚಂದ. ತಳ್ಳಿ ಕೈ ಬಿಟ್ಟರೆ ಬಿಟ್ಟಲ್ಲೇ ನಿಂತಿತು, ಹಟ ಹಿಡಿದ ಕತ್ತೆಯ ಹಾಗೆ. ಅರ್ಧ ತೆಗೆದರೆ ಅರ್ಧದಲ್ಲಿ. ಪೂರ್ತಿ ತೆಗೆದರೆ ಪೂರ್ತಿ. ತಾನಾಗಿ ಮುಚ್ಚುವ ಮಾತೇ ಇಲ್ಲ. ಎಣ್ಣೆ ಹಾಕಿದೆವು, ಗ್ರೀಸು ಹಾಕಿದೆವು, ವೆಲ್ಡರ್ ಅದಕ್ಕೆ ಬೈದ, ನಾನು ವೆಲ್ಡರಿಗೆ ಬೈದೆ. ಮಾರನೆಯ ದಿನ ಮಧ್ಯಾಹ್ನ ಇಂಜಿನಿಯರಮ್ಮ ಬರುವವಳು. ಮುಚ್ಚದ ಗೇಟನ್ನು ಅವಳು ಒಪ್ಪುವುದಿಲ್ಲ, ಒಪ್ಪಲೂಬಾರದು. ಕೈ ಚಾಚಿಕೊಂಡು ಓಡಿದ ಮಗುವನ್ನು ನಾನು ಕಣ್ಣಾರೆ ಕಂಡವಳು.

ಆಗ ನೆನಪಾಯಿತು. ಕೆಲಸ ಶುರುವಾದ ಹೊಸದರಲ್ಲಿ ನೀನು ಆ ಕಂಬದ ಹತ್ತಿರ ಕೂತು, "ಅಮ್ಮಾ ಇಲ್ನೋಡು, ಇದನ್ನ ಕೂರಿಸಿದವನು ಬೇಕೂ ಅಂತಾನೇ ಸೊಟ್ಟ ಕೂರಿಸಿದಾನೆ. ಮೇಲಿನ ಕೀಲು ಕಂಬದಿಂದ ಬೆರಳಗಲ ಆಚೆ ಚಾಚಿದೆ, ಅದಕ್ಕೇ ತಾನಾಗಿ ಮುಚ್ಚುತ್ತೆ" ಎಂದಿದ್ದೆ. ನಾನು, "ನಿನಗೆ ಮಾಡೋಕೆ ಬೇರೆ ಕೆಲಸ ಇಲ್ವಾ, ಏಳು ಮೇಲೆ" ಎಂದಿದ್ದೆ.

ಒಪ್ಪಿಸುವ ದಿನ ಬೆಳಿಗ್ಗೆ ಮೇಲಿನ ಕೀಲನ್ನು ಕತ್ತರಿಸಿ ಬೆರಳಗಲ ಆಚೆಗೆ ಕೂರಿಸಲು ಹೇಳಿದೆ. ವೆಲ್ಡರ್ ಕೈ ಕಟ್ಟಿ ನಿಂತ. "ನೇರ ಇರೋದನ್ನ ಸೊಟ್ಟ ಮಾಡು ಅಂತೀರಲ್ಲ, ಆಮೇಲೆ ನನ್ನ ಮೇಲೆ ಬರಬಾರದು" ಎಂದ. "ಎಲ್ಲಾ ನನ್ನ ಮೇಲೆ ಬರಲಿ, ನೀನು ಕತ್ತರಿಸು" ಎಂದೆ. ಬೆಸುಗೆ ಆರಿ ಬಣ್ಣ ಬಳಿಯುವಷ್ಟರಲ್ಲಿ ಇಲಾಖೆಯ ಜೀಪು ಬಂದೇ ಬಿಟ್ಟಿತು. ಪರೀಕ್ಷೆ ಮಾಡಿ ನೋಡಲೂ ಪುರಸೊತ್ತಾಗಲಿಲ್ಲ.

ಆಕೆ ಕಾಲುದಾರಿ ನೋಡಿದಳು, ಉಯ್ಯಾಲೆಯ ಸರಪಳಿ ಎಳೆದು ನೋಡಿದಳು, ನೀರಿನ ಇಳಿಜಾರಿಗೆ ಬಕೆಟ್ಟಿನಲ್ಲಿ ನೀರು ಹೊಯ್ಯಿಸಿ ನೋಡಿದಳು. ಕೊನೆಗೆ ಹಿಂದಿನ ಗೇಟು. ಪೂರ್ತಿ ತೆಗೆದಳು, ಕೈ ಬಿಟ್ಟಳು. ಗೇಟು ನಿಂತೇ ಇತ್ತು. ಆಮೇಲೆ ಮೆಲ್ಲಗೆ, ನಿದ್ದೆಯಿಂದ ಎದ್ದವರ ಹಾಗೆ, ಹೊರಟಿತು. ಅರ್ಧ ದಾರಿಯಲ್ಲಿ ಕೀಲಿನ ಹಸಿ ಬಣ್ಣಕ್ಕೆ ಅಂಟಿಕೊಂಡು ತಡೆಯಿತು. ವೆಲ್ಡರ್ ಕಣ್ಣು ಮುಚ್ಚಿಕೊಂಡ. ಮತ್ತೆ ಹೊರಟಿತು. ಠಣ್!

ಶಿಳ್ಳೆ ತಾತ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದರು ನೋಡು, ಮರದ ಕಾಗೆಗಳೆಲ್ಲ ಎದ್ದವು. ಕೆಂಪು ಸ್ವೆಟರು ಎಲ್ಲಿತ್ತೋ, ಓಡಿ ಬಂದು ಎರಡೂ ಅಂಗೈ ಬಡಿದು ನಿಂತಿತು. ಅಂಗೈ ತುಂಬ ಹಸಿರು ಬಣ್ಣ. ಅದರ ತಾಯಿ ಮತ್ತೆ ನನಗೆ ಬೈದಳು.

ಇಂಜಿನಿಯರಮ್ಮ, "ಯಾರು ಕೂರಿಸಿದ್ದು?" ಎಂದಳು.

"ನನ್ನ ಮಗ" ಎಂದೆ. ವೆಲ್ಡರ್ ನನ್ನ ಮುಖ ನೋಡಿದ, ಸುಮ್ಮನಾದ. ಒಳ್ಳೆಯವನು.

"ಎಲ್ಲಿ, ಕಾಣ್ತಿಲ್ಲ?"

"ಈಗ್ತಾನೆ ಆಚೆ ಹೋದ" ಎಂದೆ. ನಿಮ್ಮಕ್ಕನಿಂದ ಕಲಿತದ್ದು.

ಜೀಪು ಹೋದ ಮೇಲೆ ಎಲ್ಲರನ್ನೂ ಸೇರಿಸಿದೆ. ಅವತ್ತು "ಗೇಟನ್ನಲ್ಲ, ನಿನ್ನನ್ನ ತೆಗೀಬೇಕು ಕಣೋ! ತೆಗೆದೆ ಕೆಲಸದಿಂದ, ಹೋಗು!" ಎಂದು ನಾನು ಕೂಗಿದಾಗ ನಿಂತಿದ್ದವರೇ ಅವರೆಲ್ಲ. ಆ 'ತೆಗೆದೆ' ಎಂಬುದು ಯಾವ ತೆಗೆಯುವುದು ಎಂದು ಅವತ್ತು ಯಾರೂ ಕೇಳಿರಲಿಲ್ಲ, ಎಲ್ಲರಿಗೂ ಒಂದೇ ಸಲಕ್ಕೆ ತಿಳಿದಿತ್ತು. ಅವರ ಎದುರಿಗೇ ಹೇಳಿದೆ: "ಮೊಳೆ ಕೇಳಿಸಿಕೊಂಡಿದ್ದರಲ್ಲಿ ತಪ್ಪಿಲ್ಲ. ನಾನು ಹೇಳಿದ್ದೇ ಅಡ್ಡಾದಿಡ್ಡಿ." ವೆಲ್ಡರ್ ಕಿವಿಗೆ ಕೈಯಿಟ್ಟು, "ಇನ್ನೊಂದ್ಸಲ ಹೇಳಿ ಮೇಸ್ತ್ರಮ್ಮಾ, ಮಿಕ್ಸರ್ ಸದ್ದಲ್ಲಿ ಕೇಳಿಸ್ಲಿಲ್ಲ" ಎಂದ. ಮಿಕ್ಸರು ನಿಂತೇ ಇತ್ತು. ಅವನ ಬಾಯಿಗೆ ಸಿಮೆಂಟು ಹಾಕ.

ಈಗ ಗೇಟು ಕೂತಾಯಿತು, ಪಾರ್ಕು ಒಪ್ಪಿಸಿಯಾಯಿತು, ಮುಂದಿನ ಎರಡು ಪಾರ್ಕೂ ನಮಗೇ. ನಿನ್ನನ್ನು ಕರೆಯಲು ನನ್ನ ಹತ್ತಿರ ಒಂದು ಕೆಲಸವೂ ಉಳಿದಿಲ್ಲ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ. ಬಾ. ಬಂದು ಸೈಟಿಗೆ ಕಾಲಿಡದಿದ್ದರೂ ಪರವಾಗಿಲ್ಲ, ಅಪ್ಪನ ಜೊತೆ ಕೂತು ಟೀ ಕುಡಿ. ನೀನು ಎಲ್ಲಿದ್ದರೂ ಚೆನ್ನಾಗಿರು. ಕೆಮ್ಮು ಬಿಡಲಿ, ನಿನ್ನ ಕೈಗೆ ಒಳ್ಳೆಯ ಕೆಲಸ ಬರಲಿ, ನನ್ನಂಥ ಬಾಯಿಯವರು ನಿನ್ನ ಮೇಲೆ ಇನ್ಯಾರೂ ಬರದಿರಲಿ.

ನಿನ್ನ ಅಮ್ಮ

ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಅವತ್ತು ಮಧ್ಯಾಹ್ನ ನಾನು ಟಿ.ವಿ. ಹಾಕಿಕೊಂಡಿರಲಿಲ್ಲ. ಇಡೀ ಬಡಾವಣೆಗೇ ಕರೆಂಟಿರಲಿಲ್ಲ. ಅದಕ್ಕೇ ನೀನು ಬೆಲ್ಲು ಒತ್ತದೆ ಬಾಗಿಲು ತಟ್ಟಿದ್ದು. ನನ್ನ ಮೊದಲ ಕಾಗದ ಓದಿದಾಗಲೇ ಅದು ಸುಳ್ಳು ಎಂದು ನಿನಗೆ ಗೊತ್ತಾಗಿರುತ್ತದೆ, ಆದರೂ ಮಡಚಿ ಜೇಬಿನಲ್ಲಿಟ್ಟುಕೊಂಡೆ. ನಾನು ಬಾಗಿಲ ಈಚೆಗೇ ನಿಂತಿದ್ದೆ. ಕೈ ಚಿಲಕದ ಮೇಲಿತ್ತು. ನೀನು "ಅಮ್ಮಾ, ಬಾಗಿಲು ತೆಗಿ" ಎಂದೆ. ಆಮೇಲೆ ಇನ್ನೊಂದು ಸಲ ಎಂದೆ, ಮೆಲ್ಲಗೆ. ನನ್ನ ಮಾತು ನಿನಗೆ ಬೇರೆಯಾಗಿ ಅರ್ಥವಾಗಿ ನೀನು ಗೇಟು ಕಿತ್ತೆ. ನಿನ್ನ ಮಾತು ನನಗೆ ಸರಿಯಾಗಿಯೇ ಅರ್ಥವಾಗಿತ್ತು. ಮೆಟ್ಟಿಲಿಳಿಯುವ ನಿನ್ನ ಚಪ್ಪಲಿಯ ಸದ್ದು ನಿಂತ ಮೇಲೂ ಕೈ ಅಲ್ಲೇ ಇತ್ತು.

ನಿಮ್ಮಪ್ಪನ ಸ್ಕ್ರೂಡ್ರೈವರಿಗೆ ಇವತ್ತು ಕೆಲಸ ಸಿಕ್ಕಿತು. ಮುಂಬಾಗಿಲ ಚಿಲಕ ತೆಗೆಸಿದ್ದೇನೆ. ಇದನ್ನು ನೀನು ಹೇಗೆ ತಿಳಿದುಕೊಂಡರೂ ಸರಿಯೇ.